ಸೋರುವ ಉಗಿಯ ಸಂಗೀತ

ಆಗೂದಿಲ್ಲ ಅಂತ ಮೊದಲು ಅಂದವರು ನನ್ನ ಸೋದರಮಾವ, ಅವ್ವನ ತಮ್ಮ. ಮುಧೋಳದಲ್ಲಿ ಅವರದು ನೀರಾವರಿ ಪೈಪಿನ ಅಂಗಡಿ. ನಮ್ಮ ಬಳಗದ ಹಿರಿಯರಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರು ಅವರೇ. ಪಿಯುಸಿ ಎರಡನೇ ವರ್ಷಕ್ಕೆ ಎರಡು ಸಲ ಕೂತು, ಎರಡೂ ಸಲ ಇಂಗ್ಲಿಷಿನಲ್ಲಿ ನಪಾಸಾಗಿ ಉಳಿದವರು. ಅದಕ್ಕೇ ಓದಿನ ವಿಷಯ ಬಂದರೆ ನಮ್ಮ ಮನೆಯಲ್ಲಿ ಕೊನೆಯ ಮಾತು ಅವರದಾಗಿತ್ತು.

ನಾನು ಪಿಯುಸಿ ಮುಗಿಸಿ, ಎರಡು ವರ್ಷ ಮನೆಯಲ್ಲಿ ಕಂಡಿಕೆ ಸುತ್ತಿ, ಆಮೇಲೆ ಜಮಖಂಡಿ ಕಾಲೇಜಿನಿಂದ ಬಿ.ಎ. ಅರ್ಜಿ ತಂದ ದಿನ ಮಾಮಾ ಬನಹಟ್ಟಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವ್ವನ ಕಡೆಗೆ ತಿರುಗಿದರು.

"ಅಕ್ಕಾ, ಓದೂದು ಬ್ಯಾರೆ, ಪಾಸಾಗೂದು ಬ್ಯಾರೆ. ನನಗ ಆಗಲಿಲ್ಲ. ಇಕಿ ಪಿಯುಸಿ ಹೆಂಗೋ ದಾಟ್ಯಾಳ, ಇಕಿಗಿ ಡಿಗ್ರಿ ಆಗತೈತಿ ಅಂತೀಯೇನು?"

"ನಿನಗ ಆಗಲಿಲ್ಲಂದ್ರ ಊರಿಗೇ ಆಗೂದಿಲ್ಲೇನಪಾ?" ಅಂದಳು ಅವ್ವ.

"ಊರ ಸುದ್ದಿ ಬಿಡು. ನಮ್ಮ ಮನಿತನದಾಗ ಆಗೂದಿಲ್ಲ. ಬರದ ಇಟ್ಕೊ ಬೇಕಾದ್ರ."

ಬರೆದಿಟ್ಟುಕೊಳ್ಳಲು ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಅಪ್ಪ ಮಾತ್ರ ಎಲ್ಲ ಕೇಳಿ, ಬೀಡಿ ಆರಿಸಿ, ಒಂದೇ ಮಾತಿನಲ್ಲಿ ಮುಗಿಸಿದ. "ಮೂರು ವರ್ಷ. ಮ್ಯಾಲೆ ಒಂದು ದಿನಾ ಇಲ್ಲ. ಆತಂದ್ರ ಆತು, ಇಲ್ಲಂದ್ರ ತಿರಗಿ ಕಂಡಿಕಿ ಮುಂದ ಕೂಡಬೇಕು."

ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಇಡುವ, ನೂಲು ಸುತ್ತಿದ ಚಿಕ್ಕ ಕೊಳವೆ. ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು, ಅವುಗಳಿಗೆ ಬೇಕಾದ ಕಂಡಿಕೆಯೆಲ್ಲ ನನ್ನ ಕೈಯಿಂದಲೇ ಆಗುತ್ತಿತ್ತು. ನಾನು ಕಾಲೇಜಿಗೆ ಹೋದರೆ ಆ ಕೆಲಸ ಅವ್ವನ ಪಾಲಿಗೆ. ಆಕೆಗೆ ಆಗಲೇ ಮೊಣಕಾಲು ಹಿಡಿದಿದ್ದವು. ಆದ್ದರಿಂದ ಅಪ್ಪನ ಮಾತು ಕಠಿಣ ಅಂತ ನನಗೆ ಅನ್ನಿಸಲಿಲ್ಲ. ಮೂರು ವರ್ಷ ಅಂದರೆ ಅವ್ವನ ಮೊಣಕಾಲಿನ ಮೂರು ವರ್ಷ. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗೂ ಇರಲಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಆಗುವಷ್ಟು ಕಂಡಿಕೆ ಸುತ್ತಿಟ್ಟು, ಜಮಖಂಡಿ ಬಸ್ಸು ಹಿಡಿದು, ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬಂದು ಐದು ಸೆಮಿಸ್ಟರ್ ದಾಟಿದೆ. ಒಂದರಲ್ಲೂ ಉಳಿಯಲಿಲ್ಲ. ಮಾಮಾನನ್ನು ಎರಡು ಸಲ ಕೆಡವಿದ ಇಂಗ್ಲಿಷ್ ನನ್ನ ಕೈಗೆ ಐವತ್ತಾರು ಅಂಕ ಕೊಟ್ಟಿತು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ದುಡಿದು ತಂದದ್ದು.

ಕೊನೆಯ ಸೆಮಿಸ್ಟರಿನಲ್ಲಿ ಕಿರುಪ್ರಬಂಧ ಬರೆಯಬೇಕಿತ್ತು. ನನ್ನದು ಪತ್ರಿಕೋದ್ಯಮ. ನಮ್ಮ ಮೇಡಂ ಜನಪ್ರಿಯ ಸಂಸ್ಕೃತಿಯ ಪಾಠ ಮಾಡುವವರು. ಹಲಗೆಯ ಮೇಲೆ ಇಪ್ಪತ್ತೈದು ವಿಷಯ ಬರೆದು, ಯಾರಿಗೆ ಯಾವುದು ಬೇಕೋ ಕೈ ಎತ್ತಿರಿ ಅಂದರು. ಧಾರಾವಾಹಿಯ ಅತ್ತೆ ಸೊಸೆ, ಸಣ್ಣಾಟದ ಹಾಡು, ಕ್ರಿಕೆಟ್ ವಾರ್ತೆ ಎಲ್ಲ ಹೋದವು. ಹದಿನೆಂಟನೆಯ ಸಾಲಿನಲ್ಲಿ 'ಸ್ಟೀಂಪಂಕ್ ಸಂಗೀತ: ಲಕ್ಷಣ ಮತ್ತು ವಸ್ತು' ಅಂತ ಇತ್ತು. ಯಾರೂ ಅದರ ಹತ್ತಿರ ಹೋಗಲಿಲ್ಲ. ನಾನು ಕೈ ಎತ್ತಿದೆ.

"ಇದು ಗೊತ್ತೈತೇನು ನಿನಗ?" ಅಂದರು ಮೇಡಂ.

"ಗೊತ್ತೈತ್ರಿ ಮೇಡಂ," ಅಂದೆ. ಸುಳ್ಳು ಹೇಳಿದ್ದಲ್ಲ, ಗೊತ್ತಿದೆ ಅಂತಲೇ ನಂಬಿದ್ದೆ.

ಯಾಕಂದರೆ ಅದರಲ್ಲಿ ಸ್ಟೀಮ್ ಇತ್ತು. ನಮ್ಮಪ್ಪ ಸೈಜಿಂಗಿನಲ್ಲಿ ಬಾಯ್ಲರ್ ನಡೆಸುವವನು. ರಬಕವಿ ಬನಹಟ್ಟಿಯಲ್ಲಿ ಮಗ್ಗಕ್ಕೆ ಹೋಗುವ ಮುಂಚೆ ಹಾಸಿನ ನೂಲಿಗೆ ಗಂಜಿ ಹಿಡಿಸುತ್ತಾರೆ, ಇಲ್ಲದಿದ್ದರೆ ನೂಲು ಪಟಪಟ ಕಡಿಯುತ್ತದೆ. ಗಂಜಿ ಹಿಡಿದ ನೂಲನ್ನು ಉಗಿಯಿಂದ ಕಾದ ದೊಡ್ಡ ದೊಡ್ಡ ಸಿಲಿಂಡರಿನ ಮೇಲೆ ಒಣಗಿಸುತ್ತಾರೆ. ಆ ಕಾರ್ಖಾನೆಗೆ ನಮ್ಮ ಕಡೆ ಸೈಜಿಂಗ್ ಅಂತಲೇ ಹೆಸರು. ಆ ಉಗಿಯನ್ನು ಹುಟ್ಟಿಸುವವನು ನಮ್ಮಪ್ಪ. ಕಟ್ಟಿಗೆ ಹಾಕಿ, ನೀರು ನೋಡಿ, ಒತ್ತಡ ತೋರಿಸುವ ಮುಳ್ಳು ನೋಡಿ, ನಾನು ಹುಟ್ಟುವ ಮುಂಚಿನಿಂದಲೂ ಅವನಿಗೆ ಅದೇ ಕೆಲಸ. ಸ್ಟೀಮ್ ಅಂದಮೇಲೆ ನಮ್ಮ ಮನೆಯದೇ ವಿಷಯ ಅಂದುಕೊಂಡೆ. ಪಂಕ್ ಅಂದರೆ ಪಂಪಿನಂಥದ್ದು ಏನೋ ಯಂತ್ರದ ಭಾಗ ಇರಬೇಕು, ಸಂಗೀತ ಅಂದರೆ ಅದರ ಸಪ್ಪಳ ಇರಬೇಕು.

ಮೂರು ವಾರ ಕೂತು ಇಪ್ಪತ್ತೆರಡು ಪುಟ ಬರೆದೆ. ಬಾಯ್ಲರಿನ ಚಿತ್ರ ಬಿಡಿಸಿದೆ. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆ, ಸೇಫ್ಟಿ ವಾಲ್ವ್, ಬೆಂಕಿಯ ಬಾಯಿ, ಎಲ್ಲಕ್ಕೂ ಬಾಣ ಹಾಕಿ ಹೆಸರು ಬರೆದೆ. ಮೇಡಂ ಮೊದಲ ಪುಟ ಓದಿದರು, ಆಮೇಲೆ ಚಿತ್ರ ನೋಡಿದರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಚಿತ್ರ ಛಲೋ ಬಂದೈತಿ," ಅಂದರು. "ಐಟಿಐಕ್ಕ ಕೊಟ್ರ ನೂರಕ್ಕ ನೂರು ಕೊಡ್ತಾರ. ಆದ್ರ ನೀ ಒಂದು ಹಾಡರ ಕೇಳೀಯೇನು?"

ನನ್ನ ಪಕ್ಕದಲ್ಲಿ ನಿಂತಿದ್ದ ಗೆಳತಿ ಬೀಳಗಿ ತಾಲೂಕಿನ ಅನಗವಾಡಿಯವಳು, ಜಮಖಂಡಿಯ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ಅಂದಿನಿಂದ ನನಗೆ 'ಬಾಯ್ಲರ್' ಅಂತ ಹೆಸರಿಟ್ಟಳು. ಕಾಲೇಜಿನ ಕಟ್ಟೆಯ ಮೇಲೆ ನನ್ನ ನೋಡಿದ ಕೂಡಲೇ, "ಸರೀರಿ, ಬಾಯ್ಲರ್ ಬಂತು, ಸುಟ್ಟೀತು," ಅನ್ನುವಳು. ಆದರೆ ಆ ಪ್ರಬಂಧ ಮುಗಿಯುವವರೆಗೆ ತನ್ನ ಫೋನು, ತನ್ನ ಇಯರ್‌ಫೋನು, ತನ್ನ ಅರ್ಧಂಬರ್ಧ ಇಂಗ್ಲಿಷು ಎಲ್ಲವನ್ನೂ ನನಗೆ ಬಿಟ್ಟುಕೊಟ್ಟವಳೂ ಅವಳೇ.

ಮೇಡಂ ಹೇಳಿದ್ದು ಇಷ್ಟು. ಒಂದೂವರೆ ನೂರು ವರ್ಷದ ಹಿಂದೆ ಇಂಗ್ಲೆಂಡಿನಂಥ ದೇಶಗಳಲ್ಲಿ ಎಲ್ಲ ಯಂತ್ರವೂ ಉಗಿಯ ಮೇಲೆ ನಡೆಯುತ್ತಿತ್ತು. ಆ ಕಾಲ ಮುಗಿಯದೆ ಹಾಗೇ ಮುಂದುವರಿದಿದ್ದರೆ ಜಗತ್ತು ಹೇಗಿರುತ್ತಿತ್ತು ಅಂತ ಕಲ್ಪಿಸಿ ಕೆಲವರು ಕತೆ ಬರೆದರು. ಉಗಿಯ ಮೇಲೆ ಹಾರುವ ಹಡಗು, ಹಿತ್ತಾಳೆಯ ಹಲ್ಲುಗಾಲಿಯಿಂದ ನಡೆಯುವ ಗೊಂಬೆ, ತಲೆತಿರುಕ ವಿಜ್ಞಾನಿ. ಆ ಕತೆಗಳಿಗೆ ಸ್ಟೀಂಪಂಕ್ ಅಂತ ಹೆಸರು ಬಿತ್ತು. ಆಮೇಲೆ ಆ ವೇಷ ಬಂತು, ಎತ್ತರದ ಟೊಪ್ಪಿಗೆ, ದೊಡ್ಡ ಕನ್ನಡಕ, ಬಿಗಿದ ಜಾಕೀಟು. ಎಲ್ಲಕ್ಕಿಂತ ಕೊನೆಗೆ ಹಾಡು ಬಂತು. ಪಂಕ್ ಅಂದರೆ ಪಂಪ್ ಅಲ್ಲ. ದೊಡ್ಡವರು ಹಾಕಿದ ದಾರಿಯಲ್ಲಿ ಹೋಗುವುದಿಲ್ಲ, ನನಗೆ ಬೇಕಾದ್ದನ್ನು ನಾನೇ ಕೈಯಾರೆ ಮಾಡಿಕೊಳ್ಳುತ್ತೇನೆ ಅನ್ನುವ ಹಟ.

"ಎರಡು ತಿಂಗಳಾಗ ವೈವಾ ಐತಿ," ಅಂದರು ಮೇಡಂ. "ಹೊರಗಿನ ಪರೀಕ್ಷಕರು ಬರ್ತಾರ. ವಿಷಯ ಬದಲ ಮಾಡ್ತೀಯೋ, ಹಿಂಗ ಹೋಗ್ತೀಯೋ ಈಗ ಹೇಳು. ತಿರಸ್ಕಾರ ಆತಂದ್ರ ಬರೋ ವರ್ಷ ತಿರಗಿ ಬರಿಬೇಕಾಗತೈತಿ."

ಬರುವ ವರ್ಷ ಅನ್ನುವುದು ನನ್ನ ಪಂಚಾಂಗದಲ್ಲಿ ಇರಲಿಲ್ಲ. ವಿಷಯ ಬದಲಿಸುವುದು ಸುಲಭವೇ ಇತ್ತು. ಕಾಲೇಜಿನ ಎದುರಿಗೇ ಝೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷದವರ ಪ್ರಬಂಧಗಳು ತಯಾರಿದ್ದವು, ಹೆಸರು ಬದಲಿಸಿ ಹೊಲಿಗೆ ಹಾಕಿ ಕೊಡುತ್ತಿದ್ದರು. ಗೆಳತಿ ನನ್ನನ್ನು ಅಲ್ಲಿಗೆ ಕರೆದೊಯ್ದಳು ಕೂಡ. ಅಂಗಡಿಯವನು ಸ್ವಸಹಾಯ ಸಂಘಗಳ ಮೇಲಿನದೊಂದನ್ನು ಕೈಗಿಟ್ಟು, "ಇದು ಭಾಳ ಓಡತೈತ್ರಿ ಅಕ್ಕಾರ, ಇಲ್ಲೀತನಕ ಒಂದೂ ಫೇಲಾಗಿಲ್ಲ," ಅಂದ. ಪುಟ ತಿರುವಿದೆ. ಯಾರೋ ಬರೆದದ್ದು, ಯಾರೋ ಪಾಸಾದದ್ದು. ಅವ್ವ ಮೂರು ವರ್ಷ ಕಾಲು ಹಿಡಿದುಕೊಂಡು ಕೂತಳಲ್ಲ, ಅದು ಇದಕ್ಕೇನು ಅಂತ ಅನ್ನಿಸಿ ಅಲ್ಲೇ ಇಟ್ಟು ಬಂದೆ.

"ಬಾಯ್ಲರ್ ಅಲ್ಲ ನೀ, ಕಲ್ಲು," ಅಂದಳು ಗೆಳತಿ.

ಕೇಳುತ್ತಾ ಹೋದೆ. ಬಸ್ಸಿನಲ್ಲಿ ಕೇಳಿದೆ, ಕಂಡಿಕೆ ಸುತ್ತುತ್ತಾ ಕೇಳಿದೆ, ಹಾಡಿನ ವೇಗ ಕಮ್ಮಿ ಮಾಡಿ ಒಂದೊಂದೇ ಶಬ್ದ ಬಿಡಿಸಿ ಪದಕೋಶದಲ್ಲಿ ಹುಡುಕಿದೆ. ಕೇಳಿದಷ್ಟೂ ಗೊಂದಲ ಹೆಚ್ಚಾಯಿತು. ಒಂದು ಹಾಡಿನಲ್ಲಿ ಪಿಟೀಲು ಅಳುತ್ತದೆ. ಇನ್ನೊಂದರಲ್ಲಿ ನಮ್ಮ ಹಾರ್ಮೋನಿಯಂ ಪೇಟಿಯ ತಮ್ಮನಂಥ ವಾದ್ಯವನ್ನು ಎದೆಗೆ ಕಟ್ಟಿಕೊಂಡು ತಿದಿ ಒತ್ತುತ್ತಾರೆ. ಒಂದು ಸರ್ಕಸ್ಸಿನ ಬ್ಯಾಂಡಿನ ಹಾಗೆ ಕುಣಿಯುತ್ತದೆ, ಒಂದು ಹಡಗಿನವರ ಪದದ ಹಾಗೆ ತೂಗುತ್ತದೆ, ಒಂದರಲ್ಲಿ ಬರೀ ಕಬ್ಬಿಣ ಬಡಿಯುವುದು, ಮೇಲೆ ಗಿಟಾರು. ಇವೆಲ್ಲಕ್ಕೂ ಒಂದೇ ಹೆಸರು ಯಾಕೆ? ಲಾವಣಿ ಅಂದರೆ ಕೇಳಿದ ಕೂಡಲೇ ಗೊತ್ತಾಗುತ್ತದೆ, ಭಜನೆ ಅಂದರೆ ಗೊತ್ತಾಗುತ್ತದೆ. ಇದನ್ನು ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುವುದಿಲ್ಲ. ಕಣ್ಣು ತೆರೆದು ಅವರ ಟೊಪ್ಪಿಗೆ ನೋಡಿದ ಮೇಲೆಯೇ ಗೊತ್ತಾಗುವುದು. ಹಾಗಿದ್ದರೆ ಇದು ಸಂಗೀತವೋ, ಬಟ್ಟೆಯೋ? ಅಲ್ಲಿಯವರೇ ಇದರ ಮೇಲೆ ಜಗಳ ಮಾಡುತ್ತಿದ್ದರು. ನಾನು ಎಲ್ಲಿಂದ ತೀರ್ಪು ಕೊಡಲಿ?

ಹೀಗೇ ಒಂದು ಮುಂಜಾನೆ. ವೈವಾಕ್ಕೆ ಮೂರು ವಾರ ಇತ್ತು. ಅಪ್ಪ ಪಾಳಿ ಮುಗಿಸಿ ಬಂದು ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಕರೆಂಟು ಹೋಗಿತ್ತು, ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬನಹಟ್ಟಿಯಲ್ಲಿ ಅಂಥ ಮೌನ ಬಂದರೆ ಕಿವಿಗೆ ಹತ್ತಿ ಇಟ್ಟಂತಾಗುತ್ತದೆ. ನಾನು ಪಡಸಾಲೆಯಲ್ಲಿ ಇಯರ್‌ಫೋನ್ ಕಿತ್ತು ಫೋನನ್ನು ಜೋರಾಗಿಟ್ಟೆ. ಹಾಡು ಶುರುವಾಗುವ ಮುಂಚೆ ಉಗಿ ಚಿಮ್ಮುವ ಸಪ್ಪಳ ಬರುತ್ತದೆ, ಸ್ಸ್ ಅಂತ, ಉದ್ದಕ್ಕೆ.

ಒಳಗೆ ತಾಟು ಸರಿದ ಸಪ್ಪಳ. ಅಪ್ಪ ಎಂಜಲುಗೈಯಲ್ಲೇ ನನ್ನ ದಾಟಿ ಓಡಿದ. ಚಪ್ಪಲಿ ಹಾಕಲಿಲ್ಲ. ಓಣಿಯ ತುದಿಗೇ ಸೈಜಿಂಗ್. "ನೀರು ನೋಡ್ರೋ, ನೀರು ನೋಡ್ರೋ," ಅನ್ನುತ್ತಾ ಓಡುವುದು ಕೇಳಿಸಿತು. ಕಟ್ಟೆಯ ಮೇಲಿದ್ದ ಮುದುಕರೆಲ್ಲ ಎದ್ದು ನಿಂತರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕೈಯಲ್ಲಿ ಇನ್ನೂ ರೊಟ್ಟಿಯ ಚೂರು ಹಾಗೇ ಇತ್ತು.

"ಎಲ್ಲಿ ಬಿಟ್ಟೈತಿ ಉಗಿ? ಅಲ್ಲೆಲ್ಲಾ ಸರಿ ಐತಿ."

ನಾನು ಹೆದರಿ ಫೋನು ತೋರಿಸಿದೆ. ಅವ್ವ ಬಾಗಿಲಿಗೆ ಬಂದು ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು. "ಇಷ್ಟ ವರ್ಷದಾಗ ನಾ ಕರದ್ರ ಒಮ್ಮಿನೂ ಹಿಂಗ ಓಡಿ ಬಂದಿಲ್ಲ ನೋಡ ಬೇ," ಅಂದಳು ನನಗೆ.

ಅಪ್ಪ ನಗಲಿಲ್ಲ. ಕೂತು, "ಮತ್ತ ಹಚ್ಚು," ಅಂದ. ಹಚ್ಚಿದೆ. ತಲೆ ಒಂದು ಕಡೆ ವಾಲಿಸಿ ಕೇಳಿದ. ಅವನು ಬಾಯ್ಲರಿನ ಮುಂದೆ ಹಾಗೇ ನಿಲ್ಲುತ್ತಾನೆ, ಮುಳ್ಳು ನೋಡುವ ಮುಂಚೆ ಕಿವಿ ಕೊಡುತ್ತಾನೆ.

"ಇದು ಸೇಫ್ಟಿ ವಾಲ್ವ್ ಅಲ್ಲ. ಬ್ಯಾರೆ ಯಾವದೋ ವಾಲ್ವಿನ ಪ್ಯಾಕಿಂಗ್ ಹೋಗಿ ಸೋರಾಕತ್ತೈತಿ."

ಇನ್ನೊಂದು ಹಾಡು ಹಚ್ಚಿದೆ. "ಇದು ಉಗೀನ ಅಲ್ಲ. ಬಾಯಿಲೆ ಊದ್ಯಾನ ಮಗಾ," ಅಂದ. ಮೂರನೆಯದಕ್ಕೆ, "ಇದು ಖರೆ ಐತಿ. ಆದ್ರ ಇದೂ ಸೋರೂದ." ನಾಲ್ಕು ಹಾಡು ಕೇಳಿ, ಕೈ ತೊಳೆದುಕೊಂಡು ಬಂದು ಅವನು ಹೇಳಿದ ಮಾತನ್ನು ನಾನು ಅಲ್ಲೇ ನೋಟ್‌ಬುಕ್ಕಿನ ಹಿಂಬದಿಗೆ ಬರೆದುಕೊಂಡೆ.

"ಛಲೋ ನಡಿಯೂ ಉಗಿಗಿ ಸಪ್ಪಳ ಇರೂದಿಲ್ಲ. ಸಪ್ಪಳ ಬಂತಂದ್ರ ಎಲ್ಲೋ ಸೋರತೈತಿ, ಅಲ್ಲಿ ಕೈ ಹಾಕಬೇಕಂತ ಅರ್ಥ. ನಿನ್ನ ಹಾಡಿನವರು ಸೋರೂದನ್ನ ಹಿಡಕೊಂಡು ಕುಂತಾರ."

ಆ ಮುಂಜಾನೆ ನನಗೆ ವಿಷಯ ಸಿಕ್ಕಿತು. ಈ ಸಂಗೀತದ ಲಕ್ಷಣ ಪಿಟೀಲಿನಲ್ಲಿ ಇಲ್ಲ, ತಾಳದಲ್ಲಿ ಇಲ್ಲ, ಟೊಪ್ಪಿಗೆಯಲ್ಲಂತೂ ಇಲ್ಲ. ಈಗಿನ ಯಂತ್ರಗಳು ಮುಚ್ಚಿಕೊಂಡಿರುತ್ತವೆ. ನನ್ನ ಗೆಳತಿಯ ಫೋನು ಕೆಟ್ಟರೆ ಅದರೊಳಗೆ ಏನಾಯಿತು ಅಂತ ಅವಳಿಗೆ ಗೊತ್ತಾಗುವುದಿಲ್ಲ, ಬಿಚ್ಚಲು ಸ್ಕ್ರೂ ಸಹ ಇರುವುದಿಲ್ಲ. ಉಗಿಯ ಯಂತ್ರ ಹಾಗಲ್ಲ. ಅದರ ಕೊಳವೆ ಹೊರಗೇ ಕಾಣುತ್ತದೆ, ಕೆಟ್ಟದ್ದು ಕೇಳಿಸುತ್ತದೆ, ಕೈ ಹಾಕಿ ರಿಪೇರಿ ಮಾಡಬಹುದು. ಈ ಹಾಡಿನವರು ಅಂಥ ಯಂತ್ರಕ್ಕಾಗಿ ಹಂಬಲಿಸುತ್ತಾರೆ. ಅದಕ್ಕೇ ಸೋರುವ ಸಪ್ಪಳವನ್ನೇ ಹಾಡಿನೊಳಗೆ ಇಡುತ್ತಾರೆ, ತಿದಿಯ ಉಸಿರನ್ನು ಅಡಗಿಸುವುದಿಲ್ಲ, ಹಲ್ಲುಗಾಲಿ ತಿರುಗುವುದನ್ನು ತಾಳ ಮಾಡುತ್ತಾರೆ. ವಾದ್ಯ ಯಾವುದಾದರೂ ಇರಲಿ, ಅದು ಹೇಗೆ ನಡೆಯುತ್ತದೆ ಅನ್ನುವುದನ್ನು ಬಿಚ್ಚಿ ತೋರಿಸುತ್ತಲೇ ನುಡಿಸಬೇಕು.

ಅಪ್ಪನಿಗೆ ರುಚಿ ಹತ್ತಿತು. ಮರುದಿನ ಪಾಳಿಯಿಂದ ಬಂದವನು ತಾನಾಗಿಯೇ ಕೇಳಿದ, "ಹಾಡಿನ್ಯಾಗ ಏನಂತಾರ ಅವರು? ಕತಿ ಏನು?"

ಹೇಳಿದೆ. ಹಾರುವ ಹಡಗಿನ ಕ್ಯಾಪ್ಟನ್ ಇದ್ದಾನೆ, ಆಕಾಶದ ದರೋಡೆಕೋರರು ಇದ್ದಾರೆ. ಒಬ್ಬ ವಿಜ್ಞಾನಿ ಸತ್ತ ಹೆಂಡತಿಯ ಹಾಗೆ ಹಿತ್ತಾಳೆಯ ಗೊಂಬೆ ಮಾಡುತ್ತಾನೆ. ಕೀಲಿ ಕೊಟ್ಟರೆ ನಡೆಯುವ ಹುಡುಗಿ ತನಗೂ ಹೃದಯ ಬೇಕು ಅಂತ ಅಳುತ್ತಾಳೆ. ಯಂತ್ರದ ಮೇಲಿನ ಬೆರಗೂ ಇದೆ, ಯಂತ್ರ ಮನುಷ್ಯನನ್ನು ನುಂಗೀತು ಅನ್ನುವ ಅಂಜಿಕೆಯೂ ಇದೆ.

ಅಪ್ಪ ಎಲ್ಲ ಕೇಳಿದ. "ಹಡಗ ಹಾರತೈತಿ, ಆತು. ಬೆಂಕಿಗಿ ಕಟ್ಟಿಗಿ ಹಾಕಾಂವ ಯಾರು?"

ಮತ್ತೆ ಎಲ್ಲ ಹಾಡುಗಳನ್ನು ಮೊದಲಿನಿಂದ ಕೇಳಿದೆ, ಈ ಸಲ ಕಟ್ಟಿಗೆ ಹಾಕುವವನನ್ನು ಹುಡುಕುತ್ತಾ. ಬಹಳ ಹಾಡುಗಳಲ್ಲಿ ಅವನಿಲ್ಲ. ಹಡಗು ತನ್ನಷ್ಟಕ್ಕೆ ತಾನೇ ಹಾರುತ್ತದೆ. ಆದರೆ ಕೆಲವರು ಅವನನ್ನು ಮರೆತಿರಲಿಲ್ಲ. ಕಲ್ಲಿದ್ದಲು ತುಂಬುವವರು ಮಾಲೀಕನ ವಿರುದ್ಧ ಎದ್ದು ನಿಲ್ಲುವ ಹಾಡಿತ್ತು. ಆ ಉಗಿಯ ಕಾಲವನ್ನು ಬಂಗಾರದ ಕಾಲ ಅನ್ನಬೇಡಿರಿ, ಅದು ಬೇರೆ ದೇಶಗಳನ್ನು ಹಿಂಡಿದ ಕಾಲ ಅಂತ ಸಿಟ್ಟಿನಿಂದ ಹೇಳುವ ಹಾಡೂ ಇತ್ತು. ಅದನ್ನು ಕೇಳಿದಾಗ ಮೈ ಬಿಸಿಯಾಯಿತು. ಅಲ್ಲಿಯ ಉಗಿಯ ಮಿಲ್ಲಿನ ಬಟ್ಟೆ ಬಂದಮೇಲೆಯೇ ಅಲ್ಲವೇ ನಮ್ಮ ಕಡೆಯ ಕೈಮಗ್ಗದವರ ಒಲೆ ಆರಿದ್ದು? ಆ ಕಾಲ ಮುಗಿಯಬಾರದಿತ್ತು ಅಂತ ಹಾಡುವವನಿಗೂ, ಬನಹಟ್ಟಿಯಲ್ಲಿ ಕೂತು ಅದನ್ನು ಕೇಳುವ ನನಗೂ ಉಗಿ ಒಂದೇ ಅಲ್ಲ. ಇದನ್ನು ನನ್ನ ಮೂರನೆಯ ಅಧ್ಯಾಯ ಮಾಡಿದೆ. ಯಾರ ಪುಸ್ತಕದಿಂದಲೂ ತಂದದ್ದಲ್ಲ.

ಮೇಡಂ ಓದಿ ನಗಲಿಲ್ಲ. ಎರಡು ಕಡೆ ಕಾಗುಣಿತ ತಿದ್ದಿ, "ಟೈಪ್ ಮಾಡ್ಸು," ಅಂದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆಧಾರಗಳ ಪಟ್ಟಿ ಬರೆಯುವಾಗ ಅಪ್ಪನ ಮಾತನ್ನು ಸೇರಿಸಿದೆ. ಆದರೆ ಅಪ್ಪನ ಹೆಸರು ಹಾಕಲಿಲ್ಲ. 'ಸಂದರ್ಶನ: ಬಾಯ್ಲರ್ ಕೆಲಸಗಾರ, ಬನಹಟ್ಟಿ' ಅಂತ ಬರೆದೆ. ಅವನ ಹೆಸರಿನ ಮುಂದೆ ನನ್ನ ಅಡ್ಡಹೆಸರೇ ಇರುತ್ತದೆ. ಓದಿದವರು ಏನಂದಾರು, ಮನೆಯವರನ್ನೇ ಆಧಾರ ಮಾಡಿಕೊಂಡಳು, ಅದೂ ಕಟ್ಟಿಗೆ ಹಾಕುವವನನ್ನು ಅಂದಾರು ಅನ್ನುವ ಅಂಜಿಕೆ. ಅಂಜಿಕೆ ಅಂತ ಮೆತ್ತಗೆ ಹೇಳುತ್ತಿದ್ದೇನೆ. ಅದು ನಾಚಿಕೆ. ಬೇರೆಯವರ ಹಾಡಿನಲ್ಲಿ ಕಟ್ಟಿಗೆ ಹಾಕುವವನಿಲ್ಲ ಅಂತ ಒಂದು ಅಧ್ಯಾಯ ಬರೆದವಳು ನಾನು.

ವೈವಾದ ದಿನ ಬಂದ ಪರೀಕ್ಷಕರು ವಯಸ್ಸಾದವರು, ಬೆಂಗಳೂರು ಕಡೆಯ ಮಾತು. ಎಲ್ಲರನ್ನೂ ಐದೈದು ನಿಮಿಷಕ್ಕೆ ಕಳಿಸುತ್ತಿದ್ದರು. ಗೆಳತಿ ಹೊರಗೆ ಬಂದು, "ಏನೂ ಕೇಳೂದಿಲ್ಲ, ಹೆಸರು ಊರು ಕೇಳಿ ಬಿಡ್ತಾರ," ಅಂದಳು. ನಾನು ಒಳಗೆ ಹೋದಾಗ ಅವರು ನನ್ನ ಪ್ರಬಂಧವನ್ನು ಮಧ್ಯಕ್ಕೆ ತೆರೆದು ಕೂತಿದ್ದರು.

"ಇದು ಸಂಗೀತದ ಪ್ರಕಾರವೇ ಅಲ್ಲವಲ್ಲಮ್ಮ. ಉಡುಪಿನ ಶೋಕಿ. ಟೋಪಿ ತೆಗೆದರೆ ಏನು ಉಳಿಯುತ್ತದೆ?"

"ಟೊಪ್ಪಿಗಿ ತಗದ್ರ ಯಂತ್ರ ಉಳಿತೈತ್ರಿ ಸರ್." ನನ್ನ ಬಾಯಿಗೆ ಪುಸ್ತಕದ ಕನ್ನಡ ಬರಲಿಲ್ಲ. "ಬ್ಯಾರೆ ಸಂಗೀತದಾಗ ವಾದ್ಯದ ಸಪ್ಪಳ ಬೇಕು, ವಾದ್ಯ ಉಸರಾಡೂ ಸಪ್ಪಳ ಬ್ಯಾಡ. ಪೇಟಿ ಬಾರಸಾಂವ ತಿದಿ ಸಪ್ಪಳ ಕೇಳಬಾರದಂತ ನೋಡ್ತಾನ್ರಿ. ಇವರು ಅದನ್ನ ಕೇಳಸ್ತಾರ. ಯಂತ್ರ ಹೆಂಗ ನಡೀತೈತಿ, ಯಾರು ನಡಸ್ತಾರ, ಎಲ್ಲಿ ಸೋರತೈತಿ, ಅದನ್ನ ಮುಚ್ಚಿಡೂದಿಲ್ಲ. ಮುಚ್ಚಿಟ್ರ ಅದು ಬರೇ ಟೊಪ್ಪಿಗಿ ಆಗತೈತ್ರಿ."

ಅವರು ಪುಟ ತಿರುವಿದರು. ಕೊನೆಯ ಪುಟಕ್ಕೆ ಹೋದರು. ಆಧಾರಗಳ ಪಟ್ಟಿಯ ಮೇಲೆ ಬೆರಳಿಟ್ಟರು.

"ಈ ಸೋರುವ ಮಾತೆಲ್ಲ ಇಲ್ಲಿಂದ ಬಂದಿದೆ. ಯಾರು ಈ ಬಾಯ್ಲರ್ ಕೆಲಸಗಾರ?"

ಸುಳ್ಳು ಹೇಳಬಹುದಿತ್ತು. ಮೇಡಂ ನನ್ನ ಮುಖ ನೋಡುತ್ತಿದ್ದರು.

"ನಮ್ಮಪ್ಪ ಅದಾರ್ರಿ ಸರ್."

"ಎಷ್ಟು ಓದಿದ್ದಾರೆ?"

"ನಾಕನೇ ಇಯತ್ತೆ ರೀ."

"ನಾಲ್ಕನೆಯ ತರಗತಿ ಓದಿದವರ ಮಾತನ್ನು ಪದವಿಯ ಪ್ರಬಂಧಕ್ಕೆ ಆಧಾರ ಅಂತ ಕೊಡಬಹುದೇನಮ್ಮ?"

ಇಲ್ಲೇ ಮುಗಿಯಿತು ಅನ್ನಿಸಿತು. ಮೂರು ವರ್ಷ ಹೋಯಿತು, ಮಾಮಾ ಗೆದ್ದರು. ಹೋಗುವುದಂತೂ ಹೋಯಿತು ಅಂದಮೇಲೆ ನಾಲಿಗೆ ಹಗುರಾಯಿತು.

"ಸರ್, ಹಾಡು ಉಗಿ ಮ್ಯಾಲ ಐತಿ. ಉಗಿ ಸಪ್ಪಳ ಕೇಳಿ ಅದು ಖರೆ ಉಗಿಯೋ, ಬಾಯಿಲೆ ಊದಿದ್ದೋ, ಎಲ್ಲಿಂದ ಸೋರೂದೋ ಹೇಳಾವರು ನನಗ ಅವರೊಬ್ಬರ ಸಿಕ್ಕರ್ರಿ. ಲೈಬ್ರರ್ಯಾಗ ಹುಡಕೇನಿ, ಇಂಟರ್ನೆಟ್ಟಿನ್ಯಾಗ ಹುಡಕೇನಿ, ಅಲ್ಲಿ ಬರದಾವರು ಯಾರೂ ಬಾಯ್ಲರ್ ಮುಂದ ನಿಂತಿಲ್ರಿ. ಹಂಗಾಗಿ ಆಧಾರ ಅವರ."

ಅವರು ಜೇಬಿನಿಂದ ಪೆನ್ನು ತೆಗೆದು ಪ್ರಬಂಧದ ಮೇಲಿಟ್ಟು ನನ್ನ ಕಡೆಗೆ ಸರಿಸಿದರು.

"ಆಧಾರ ಅಂದಮೇಲೆ ಹೆಸರು ಬೇಕು. ಬರೀ ಬಾಯ್ಲರ್ ಕೆಲಸಗಾರ ಅಂದರೆ ನಾನು ಹೇಗೆ ಒಪ್ಪಲಿ? ಅವರು ಸತ್ಯ ಹೇಳಿದ್ದಾರೆ ಅನ್ನುತ್ತೀಯ. ಹೆಸರು ಯಾಕೆ ಅಡಗಿಸಿದೆ?"

ಪೆನ್ನು ಹಿಡಿದು ನಿಂತೇ ಬರೆದೆ. ಮುದ್ರಿತ ಅಕ್ಷರದ ಪಕ್ಕದಲ್ಲಿ, ನೀಲಿ ಶಾಯಿಯಲ್ಲಿ, ಅಪ್ಪನ ಹೆಸರು, ಅಪ್ಪನ ಅಪ್ಪನ ಹೆಸರು, ಅಡ್ಡಹೆಸರು. ಅಕ್ಷರ ಸೊಟ್ಟಾಗಿ ಬಂದವು. ಎಲ್ಲ ಪ್ರತಿಯಲ್ಲೂ ಬರೆಯಿಸಿದರು. ಮೂರು ಪ್ರತಿ ಇದ್ದವು, ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ನೆಟ್ಟಗಾಗಿತ್ತು.

"ಹೋಗಿ ಬಾ," ಅಂದರು. ಅಷ್ಟೇ. ಪಾಸೋ ಫೇಲೋ ಹೇಳಲಿಲ್ಲ. ಹೊರಗೆ ಗೆಳತಿ ಕೈ ಹಿಡಿದು ಕೇಳಿದಳು, "ಇಷ್ಟ ಹೊತ್ತು ಏನ ಮಾಡಿದೆ ಬೇ ಒಳಗ?" ಅಂತ.

"ನಮ್ಮಪ್ಪನ ಹೆಸರು ಬರದೆ," ಅಂದೆ. ಅವಳಿಗೆ ತಿಳಿಯಲಿಲ್ಲ. ನನಗೆ ಮಾತ್ರ ಬಸ್‌ ಸ್ಟ್ಯಾಂಡಿನವರೆಗೆ ನಡೆಯುವಾಗ, ಫೇಲಾದರೂ ಆಗಲಿ, ಮಾಡಬೇಕಾದ್ದು ಮಾಡಿದೆ ಅನ್ನುವ ಧೈರ್ಯ ಇತ್ತು.

ಫಲಿತಾಂಶ ಬಂದಾಗ ಕಿರುಪ್ರಬಂಧಕ್ಕೆ ನೂರಕ್ಕೆ ಎಂಬತ್ತೊಂದು. ನಮ್ಮ ವಿಭಾಗದಲ್ಲಿ ಅದೇ ಹೆಚ್ಚು. ಮೇಡಂ ಫೋನು ಮಾಡಿ ಹೇಳಿದರು. ಅವ್ವ ಕೇಳಿ, ಕಂಡಿಕೆ ಸುತ್ತುವುದು ನಿಲ್ಲಿಸದೆ, "ಎಂಬತ್ತೊಂದು ಅಂದ್ರ ಪಾಸ ಹೌದಿಲ್ಲೋ?" ಅಂದಳು. ಹೌದು ಅಂದೆ. "ಹಂಗಾರ ನಿಮ್ಮ ಮಾಮಾಗ ಫೋನ್ ಹಚ್ಚು, ನಾ ಮಾತಾಡತೇನಿ." ಅವರಿಬ್ಬರ ನಡುವೆ ಏನು ಮಾತಾಯಿತು ಅಂತ ಬರೆಯುವುದಿಲ್ಲ. ಮಾಮಾ ಮರುದಿನವೇ ಮುಧೋಳದಿಂದ ಪೇಢೆ ತಂದರು. ಚಹಾ ಕುಡಿಯುತ್ತಾ, "ನಾ ಅವತ್ತು ಹಂಗ ಅಂದದ್ದಕ್ಕ ಇಕಿಗಿ ಹಟ ಬಂತು ನೋಡ್ರಿ," ಅಂತ ಅರ್ಧ ಪಾಲು ತಮ್ಮದೆಂದು ಎತ್ತಿಕೊಂಡರು. ಇರಲಿ ಬಿಡು ಅಂತ ಕೊಟ್ಟೆವು.

ಪದವಿ ಪ್ರಮಾಣಪತ್ರ ಕೈಗೆ ಬರಲು ಮತ್ತೆ ಕೆಲವು ತಿಂಗಳು ಹಿಡಿದವು. ಸಮಾರಂಭ, ಗೌನು ಏನೂ ಇರಲಿಲ್ಲ. ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಸಹಿ ಮಾಡಿ ಇಸಿದುಕೊಂಡೆ. ಬನಹಟ್ಟಿಯಲ್ಲಿ ಬಸ್ಸಿಳಿದು ಮನೆಗೆ ಹೋಗದೆ ನೆಟ್ಟಗೆ ಸೈಜಿಂಗಿಗೆ ಹೋದೆ. ಅಪ್ಪ ಬಾಯ್ಲರಿನ ಮುಂದೆ ಇದ್ದ. ನನ್ನ ಕೈಯಲ್ಲಿದ್ದ ಕವರು ನೋಡಿ, "ಅಲ್ಲೇ ನಿಲ್ಲು, ಒಳಗ ಬರಬ್ಯಾಡ, ಹಸಿ ಆಗತೈತಿ ಕಾಗದ," ಅಂತ ಕೂಗಿ, ಕಟ್ಟಿಗೆಯ ಕೆಲಸ ಜೊತೆಯವನಿಗೆ ಒಪ್ಪಿಸಿ, ನಳದಲ್ಲಿ ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು ಬೇವಿನ ಮರದ ಕೆಳಗೆ ಬಂದ.

ಎರಡೂ ಕೈಯಿಂದ ಕೊಟ್ಟೆ. ಎರಡೂ ಕೈಯಿಂದ ಇಸಿದುಕೊಂಡ. ಕನ್ನಡದ ಸಾಲುಗಳನ್ನು ತುಟಿ ಅಲ್ಲಾಡಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. ನನ್ನ ಹೆಸರಿಗೆ ಬಂದಾಗ ನಿಂತ. ಇಂಗ್ಲಿಷಿನ ಭಾಗವನ್ನೂ ಅಷ್ಟೇ ಹೊತ್ತು ನೋಡಿದ. ಆಮೇಲೆ ಕವರಿನೊಳಗೆ ಇಟ್ಟು, ನನಗೆ ತಿರುಗಿ ಕೊಡದೆ ತನ್ನ ಎದೆಗೆ ಹಿಡಿದುಕೊಂಡೇ ಕೇಳಿದ.

"ಇದರ ಮುಂದ ಓದೂ ಸಾಲಿ ಎಲ್ಲೈತಿ? ದೂರ ಇದ್ರ ಈಗ ಹೇಳಿಬಿಡು. ನಿಮ್ಮವ್ವಗ ನಾ ಹೇಳತೇನಿ."